ಬಾಟಲಿಯಲ್ಲಿ ಬೇರೊಡೆದ ಮಾಕಳಿ

ಟಿಷ್ಯೂ ಕಲ್ಚರ್ ಅಂದರೆ ಯಾದಗಿರಿ ಜಿಲ್ಲೆಯ ಸೈದಾಪುರ, ಶಹಾಪುರ ಕಡೆಯ ರೈತರಿಗೆ ಮೊದಲು ನೆನಪಾಗುವುದು ಬಾಳೆ ಸಸಿ. ಅದೇ ವಿದ್ಯೆ ಔಷಧಿ ಗಿಡಗಳಿಗೂ ಒದಗಿಬಂದಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಒಳ್ಳೆಯ ಸಾಕ್ಷಿ ಮಾಕಳಿ ಬೇರು.

ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳ ಈ ಬಳ್ಳಿ ಬೇರೆ ಯಾವ ದೇಶದಲ್ಲೂ ತಾನಾಗಿ ಬೆಳೆಯುವುದಿಲ್ಲ. ಅದರ ಘಮಘಮಿಸುವ ಬೇರು ಉಪ್ಪಿನಕಾಯಿಗೂ ಬೇಕು, ಮದ್ದಿಗೂ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ಹಿಂದಿನಿಂದಲೂ ಅಗೆದು ತಂದವರು. ಎಲೆ ಕಿತ್ತರೆ ಗಿಡ ಮತ್ತೆ ಚಿಗುರೀತು. ಬೇರನ್ನೇ ಕಿತ್ತರೆ ಬಳ್ಳಿಗೆ ಉಳಿಯುವುದೇನು? ಬೀಜ ಸರಿಯಾಗಿ ಮೊಳೆಯದು, ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರೊಡೆಯದು. ಕೊನೆಗೆ ಅದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿತು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಬಳ್ಳಿಯ ಗೆಣ್ಣಿನ ತುಂಡುಗಳಿಂದಲೇ ಸಸಿ ಎಬ್ಬಿಸುವ ದಾರಿ ಕಂಡುಕೊಂಡರು. ಗೆಣ್ಣನ್ನು ತೊಳೆದು, ರೋಗಾಣು ಕಳೆದು, ಬಾಟಲಿಯೊಳಗಿನ ಪೋಷಕ ಮಾಧ್ಯಮದಲ್ಲಿ ಊರುತ್ತಾರೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ ಲವಣಗಳ ಮಿಶ್ರಣವೇ ಇಂದಿಗೂ ಬಹುತೇಕ ಪ್ರಯೋಗಾಲಯಗಳಲ್ಲಿ ಈ ಮಾಧ್ಯಮಕ್ಕೆ ಆಧಾರ. ಅದಕ್ಕೆ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್ ಬೆರೆಸಿ, 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಸಕ್ಕರೆ ಗಿಡಕ್ಕಷ್ಟೇ ಅಲ್ಲ, ಬೂಷ್ಟಿಗೂ ಪ್ರಿಯ. ಒಂದು ಬೀಜಕಣ ಒಳಹೊಕ್ಕರೂ ಬಾಟಲಿ ಹೋಯಿತು.

ಸೈಟೊಕೈನಿನ್ ಹೆಚ್ಚಿಸಿದರೆ ಕುಡಿಗಳು, ಆಕ್ಸಿನ್ ಹೆಚ್ಚಿಸಿದರೆ ಬೇರುಗಳು. ಹೀಗೆ ಹಾರ್ಮೋನುಗಳ ಪ್ರಮಾಣ ಬದಲಿಸಿ ಗಿಡಕ್ಕೆ ದಾರಿ ತೋರಬಹುದೆಂಬುದು 1957ರಿಂದಲೇ ಗೊತ್ತಿರುವ ಸಂಗತಿ. ಒಂದು ಕುಡಿ ಪ್ರತಿ ಸುತ್ತಿಗೆ ನಾಲ್ಕಾದರೆ, ಐದು ಸುತ್ತಿಗೆ 1,024. ಕಾಡಿನಿಂದ ತಂದದ್ದು ಒಂದೇ ಗೆಣ್ಣು! ಈ ಲೆಕ್ಕ ಎಷ್ಟು ಸಲ ಹಾಕಿದರೂ ನನಗೆ ಬೆರಗೇ.

ನಿಜವಾದ ಪರೀಕ್ಷೆ ಬಾಟಲಿಯ ಹೊರಗೆ. ತೇವದಲ್ಲೇ ಬೆಳೆದ ಸಸಿಯ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವ ರೂಢಿಯಿಲ್ಲ. ನೇರ ಬಿಸಿಲಿಗಿಟ್ಟರೆ ಗಂಟೆಗಳಲ್ಲೇ ಬಾಡುತ್ತದೆ. ನೆರಳುಮನೆಯಲ್ಲಿ ಬಾಣಂತನದಂಥ ಜೋಪಾನ ಮಾಡಿ, ವಾರಗಟ್ಟಲೆ ತೇವ ಇಳಿಸುತ್ತ, ಬೆಳಕು ಏರಿಸುತ್ತ ಹದಗೊಳಿಸಬೇಕು. ಯಾದಗಿರಿಯ ಬೇಸಿಗೆ ಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಗಿಡಕ್ಕೂ ಪ್ರಯೋಗಾಲಯದ ಈ ಖರ್ಚು ಬೇಕಿಲ್ಲ. ಅಶ್ವಗಂಧ ಬೀಜದಿಂದಲೇ ಬರುತ್ತದೆ, ರೈತರು ಬಿತ್ತಿಯೇ ಬೆಳೆಯುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದರ ಬೇರನ್ನು ದ್ರವದಲ್ಲಿ ಬೆಳೆಸಿದ್ದು ಸಸಿಗಾಗಿ ಅಲ್ಲ, ಅದರೊಳಗಿನ ವಿಥನೊಲೈಡ್ ಎಂಬ ಔಷಧಾಂಶಕ್ಕಾಗಿ. ಬೀಜ ಕೈಕೊಡುವ, ಬೇರಿಗಾಗಿಯೇ ಪ್ರಾಣ ಕಳೆದುಕೊಳ್ಳುವ ಗಿಡಗಳಿಗೆ ಪ್ರಯೋಗಾಲಯ ಮೀಸಲಾಗಲಿ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಸುತ್ತಲಿನ ಗುಡ್ಡಗಳಲ್ಲಿ ಯಾವ ಬೇರು ಈಗ ಸಿಗುತ್ತಿಲ್ಲ ಎಂದು ಹಳ್ಳಿಯ ನಾಟಿ ವೈದ್ಯರನ್ನು ಕೇಳಿ ಪಟ್ಟಿ ಮಾಡುವ ಕೆಲಸ ಅಲ್ಲಿಂದ ಶುರುವಾಗಬಹುದು.