ಅಟ್ಟದ ಮೇಲಿನ ಹಳೇ ರೈಫಲ್: ಈಡು ಹೊಡೆಯುವ ಮುನ್ನ ಗುರುತು ತಿಳಿಯಿರಿ

ಭತ್ತ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಗದ್ದೆಗಳಿಗೆ ಕಾಡುಹಂದಿಯ ಕಾಟ ಹೇಳತೀರದು. ಅಂಥದೇ ದಿನಗಳಲ್ಲಿ ಗ್ರಾಮ ಭೇಟಿಗೆ ಹೋಗಿದ್ದಾಗ ಗೌಡರೊಬ್ಬರು ಅಟ್ಟದಿಂದ ಗೋಣಿತಾಟು ಸುತ್ತಿದ ರೈಫಲೊಂದನ್ನು ಇಳಿಸಿ ತಂದರು. ಅಜ್ಜನ ಕಾಲದಲ್ಲಿ ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋದದ್ದಂತೆ. ಜೊತೆಗೆ ತಗಡಿನ ಡಬ್ಬಿಯಲ್ಲಿ ಕಿಲುಬು ಹಿಡಿದ ನಾಲ್ಕು ತೋಟಾ. “ಇದು ತ್ರೀ ನಾಟ್ ತ್ರೀ ಅಲ್ವಾ ಸಾರ್? ಎರಡು ಈಡು ಹೊಡೆದ್ರೆ ಹಂದಿ ಈ ಕಡೆ ತಲೆ ಹಾಕಲ್ಲ” ಎಂದರು.

ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದಾಗ ಹಿಡಿದ ರೈಫಲಿನಂತೆಯೇ ಇತ್ತು. ಬೋಲ್ಟ್ ಹಿಡಿಯ ಕೆಳಗೆ, ಮರದ ಹಿಂಬದಿ ಸೇರುವ ಕಬ್ಬಿಣದ ಪಟ್ಟಿಯ ಬಲಮಗ್ಗುಲಲ್ಲಿ ಕಿರೀಟ, ಇಷಾಪುರದ ಹೆಸರು, ಇಸವಿ ಕೊರೆದಿದ್ದವು. ಆದರೂ “ಮುಟ್ಟಬೇಡಿ ಗೌಡರೇ” ಎಂದೆ.

ಹುಟ್ಟು ಹೇಳುವ ಮೊಹರು

ಲೀ-ಎನ್‌ಫೀಲ್ಡ್ ಜಾತಿಯ ರೈಫಲುಗಳಲ್ಲಿ ಈ ಪಟ್ಟಿಯೇ ಜಾತಕವಿದ್ದಂತೆ. ಎನ್‌ಫೀಲ್ಡ್ ಎಂದಿದ್ದರೆ ಇಂಗ್ಲೆಂಡಿನ ಸರ್ಕಾರಿ ಕಾರ್ಖಾನೆಯದು, ಬಿ.ಎಸ್.ಎ. ಎಂದರೆ ಬರ್ಮಿಂಗ್‌ಹ್ಯಾಮ್, ಲಿತ್‌ಗೋ ಎಂದರೆ ಆಸ್ಟ್ರೇಲಿಯಾ, ಇಷಾಪುರ ಅಥವಾ ಆರ್.ಎಫ್.ಐ. ಎಂದರೆ ನಮ್ಮ ಬಂಗಾಳದ ಕಾರ್ಖಾನೆಯದು. ಕೆಳಗೆ ಸನ್ನೆಯಂತೆ ಎಳೆಯುವ ಹಿಡಿಯಿದ್ದು ಬೋಲ್ಟ್ ಇಲ್ಲದಿದ್ದರೆ ಅದು ಇನ್ನೂ ಹಳೆಯ ಮಾರ್ಟಿನಿ ಜಾತಿಯದಿರಬಹುದು. ಬ್ರಿಟಿಷ್ ಸೈನ್ಯ ಮಾರ್ಟಿನಿ-ಹೆನ್ರಿಯನ್ನು ಸ್ವೀಕರಿಸಿದ್ದು 1871ರಲ್ಲಿ.

ಅಳತೆ ಹೇಳುವುದು ನಳಿಗೆ

ಮೊಹರು ಹುಟ್ಟನ್ನು ಹೇಳುತ್ತದೆಯೇ ಹೊರತು ಈಗಿನ ಅಳತೆಯನ್ನಲ್ಲ. ಒಂದೇ ಮೈಕಟ್ಟಿನಲ್ಲಿ ಮೂರು ಅಳತೆಗಳುಂಟು:

.303 – ಅಂದರೆ 7.7 ಮಿ.ಮೀ. ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ತೋಟಾದ ಬುಡಕ್ಕೆ ಅಂಚು ಇರುತ್ತದೆ. ಮ್ಯಾಗಜಿನ್ ತಳ ಓರೆ.

7.62 ಮಿ.ಮೀ. – 1962ರ ಚೀನಾ ಯುದ್ಧದ ನಂತರ ಇಷಾಪುರದಲ್ಲಿ ತಯಾರಾದ 2ಎ, 2ಎ1 ಮಾದರಿಗಳು. ಮ್ಯಾಗಜಿನ್ ಚೌಕಾಕಾರ. ತೋಟಾಕ್ಕೆ ಹೊರಚಾಚಿದ ಅಂಚಿಲ್ಲ.

.410 ಮಸ್ಕೆಟ್ – ಕಾವಲು ಕೆಲಸಕ್ಕೆಂದು .303 ರೈಫಲನ್ನೇ ಕೊರೆದು ಮಾಡಿದ್ದು. ನಳಿಗೆಯೊಳಗೆ ಗೀರಿಲ್ಲ, ನುಣುಪು. ಹಳೆಯ ಮೊಹರು ಹಾಗೆಯೇ ಉಳಿದಿರಬಹುದು.

ಮಾರ್ಟಿನಿಯ ಕಥೆಯೂ ಇದೇ; ದಪ್ಪ ಗುಂಡಿನ ಹಲವು ರೈಫಲುಗಳು ಮುಂದೆ .303ಕ್ಕೆ ಬದಲಾದವು. ತಪ್ಪು ತೋಟಾ ಹಾಕಿ ಹೊಡೆದರೆ ಹಿತ್ತಾಳೆ ಕವಚ ಸೀಳಿ, ಬಿಸಿ ಅನಿಲ ಹೊಡೆಯುವವನ ಕಣ್ಣಿಗೇ ಬಡಿಯಬಹುದು. ಆದ್ದರಿಂದ ತೋಟಾ ತುರುಕಿ ಅಳತೆ ನೋಡುವುದು ಬೇಡವೇ ಬೇಡ. ತುಕ್ಕು ಹಿಡಿದ ಬೋಲ್ಟನ್ನು ಬಡಿದು ತೆಗೆಯುವುದೂ ಬೇಡ. ಒಳಗೆ ತೋಟಾ ಇದ್ದರೂ ಇರಬಹುದು.

ಕಾನೂನು ಏನನ್ನುತ್ತದೆ?

ಈ ಮೂರೂ ಅಳತೆಗಳು ನಿಷೇಧಿತ ಬೋರಿನವು. ಸಾಮಾನ್ಯ ಲೈಸೆನ್ಸ್ ಇದ್ದರೂ ಇಟ್ಟುಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. 2019ರ ತಿದ್ದುಪಡಿಯ ನಂತರ ಶಿಕ್ಷೆ 7ರಿಂದ 14 ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅವರೂ ಹಳೆಯ ರೈಫಲಿನ ವಿಷಯವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಕೋವಿಯನ್ನು ಹೆಗಲಿಗೇರಿಸಿ ಪೇಟೆಗೆ ಒಯ್ಯಬೇಡಿ. ವಕೀಲರನ್ನು ಕೇಳಿ, ಠಾಣೆಗೆ ಮೊದಲು ಲಿಖಿತವಾಗಿ ತಿಳಿಸಿ, ಒಪ್ಪಿಸಿ, ರಸೀದಿ ಪಡೆಯಿರಿ. ತಡಮಾಡಿದಷ್ಟೂ ಕಷ್ಟ.

ಗೌಡರು ಎರಡು ದಿನ ಯೋಚಿಸಿದರು. ಅಜ್ಜನ ನೆನಪು, ಕೇಸಿನ ಭಯ ಎರಡೂ ಇದ್ದವು. ಕಡೆಗೆ ಅರ್ಜಿ ಬರೆದುಕೊಟ್ಟರು. ಪೊಲೀಸ್ ಆರ್ಮರರ್ ಬೋಲ್ಟ್ ತೆಗೆದು ನಳಿಗೆಗೆ ಬೆಳಕು ಬಿಟ್ಟು ನೋಡಿದರು. ಒಳಗೆ ಒಂದೂ ಗೀರಿರಲಿಲ್ಲ, ಅದು.410 ಮಸ್ಕೆಟ್. ಡಬ್ಬಿಯಲ್ಲಿದ್ದ ನಾಲ್ಕೂ .303 ತೋಟಾ! ಗೌಡರು ಮಾತಾಡದೆ ತಮ್ಮ ಬಲಗೈಯನ್ನೇ ನೋಡಿಕೊಂಡರು.

ಬೆಳೆ ರಕ್ಷಣೆಗೆಂದು ಕಾನೂನು ಹೇಳುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು. ಅದಕ್ಕೂ ಲೈಸೆನ್ಸ್ ಬೇಕು. ಹಂದಿಗೆ ಗುರಿಯಿಡಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬಂದೀತು. ಹೋದ ಕಣ್ಣು ಮರಳಿ ಬಾರದು.