ಐದು ಕಿಲೋವಾಟಿನ ಊರು

ಮೂವತ್ತೊಂದು ವರ್ಷ ಮಲೆನಾಡಿನಲ್ಲಿ ಲೈನ್‌ಮನ್ ಆಗಿದ್ದವನು ನಾನು. ಹೊಸ ಊರಿಗೆ ಹೋದರೆ ಕಣ್ಣು ಮೊದಲು ಹುಡುಕುವುದು ಕಂಬವನ್ನೇ. ಗ್ಲಾಸ್ಗೋದಲ್ಲಿರುವ ಮಗಳು ಎಗ್ ದ್ವೀಪಕ್ಕೆ ಕರೆದುಕೊಂಡು ಹೋದಾಗಲೂ ಹಾಗೇ ಆಯಿತು. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ, ಮಲೇಗ್ ಬಂದರಿನಿಂದ ಹಡಗಿನಲ್ಲಿ ಒಂದೂಕಾಲು ಗಂಟೆ ದೂರ. ಇಳಿದು ನೋಡಿದರೆ ಕರೆಂಟಿನ ಕಂಬವೇ ಕಾಣಲಿಲ್ಲ. "ತಂತಿ ಎಲ್ಲ ನೆಲದೊಳಗೆ ಅಪ್ಪ" ಎಂದಳು. ಮಳೆಗಾಲದ ರಾತ್ರಿಗಳಲ್ಲಿ ಮರ ಬಿದ್ದ ಲೈನ್ ಹುಡುಕಿಕೊಂಡು ಅಲೆದವನಿಗೆ ಹೊಟ್ಟೆಕಿಚ್ಚಾಯಿತು.

ಸುಮಾರು 31 ಚದರ ಕಿಲೋಮೀಟರಿನ ಈ ದ್ವೀಪ ಮೊದಲು ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಿದ್ದ ಸ್ವತ್ತು. ಒಕ್ಕಲಿದ್ದವರು ಬೇಸತ್ತು ಚಂದಾ ಎತ್ತಿ, ದೂರದೂರದವರ ದಾನವನ್ನೂ ಸೇರಿಸಿ, 1997ರ ಜೂನ್ 12ರಂದು 15 ಲಕ್ಷ ಪೌಂಡಿಗೆ ಊರನ್ನೇ ಕೊಂಡುಕೊಂಡರು. ಆಗ ಅಲ್ಲಿದ್ದವರು ಅರವತ್ತು ಚಿಲ್ಲರೆ ಜನ. ಭೂಮಿ ಬಂತು, ಕರೆಂಟು ಬರಲಿಲ್ಲ. ದೊಡ್ಡ ನಾಡಿನಿಂದ ಕಡಲಡಿಯಲ್ಲಿ ಕೇಬಲ್ ಎಳೆಯುವುದು ಕೈಗೆಟುಕುವ ಮಾತಾಗಿರಲಿಲ್ಲ. ಮನೆಮನೆಗೂ ಡೀಸೆಲ್ ಜನರೇಟರ್. ಮಲಗುವ ಹೊತ್ತಿಗೆ ಅದನ್ನು ಆರಿಸಿದರೆ ಮನೆಯೆಲ್ಲ ಕತ್ತಲೆ.

2008ರ ಫೆಬ್ರುವರಿ 1ರಂದು ಅವರದೇ ಕಂಪನಿಯ ಕರೆಂಟು ಹರಿಯಿತು. ಹಳ್ಳದ ನೀರಿಗೆ 100 ಕಿಲೋವಾಟಿನ ಒಂದು ಟರ್ಬೈನ್, ಜೊತೆಗೆ ಎರಡು ಚಿಕ್ಕವು. ನಮ್ಮ ಮಲೆನಾಡಿನ ಕೆಲವು ಮನೆಯವರು ಝರಿಗೆ ಪೈಪು ಹಾಕಿ ಒಂದೆರಡು ಕಿಲೋವಾಟ್ ಮಾಡಿಕೊಳ್ಳುತ್ತಾರಲ್ಲ, ಅದರ ಅಣ್ಣ. ಸ್ಗೂರ್ ಎಂಬ ಕಪ್ಪು ಬಂಡೆಯ ಗುಡ್ಡದ ಬುಡದಲ್ಲಿ 6 ಕಿಲೋವಾಟಿನ ನಾಲ್ಕು ಗಾಳಿಯಂತ್ರ, ಇನ್ನೊಂದೆಡೆ ಸೌರಫಲಕ. ಚಳಿಗಾಲದಲ್ಲಿ ನೀರು, ಗಾಳಿ ಎರಡೂ ಧಾರಾಳ. ಬೇಸಿಗೆಯಲ್ಲಿ ಹಳ್ಳ ಸೊರಗಿದರೆ ಬಿಸಿಲು ಕೈಹಿಡಿಯುತ್ತದೆ. ನಡುವೆ ಬ್ಯಾಟರಿ ಸಾಲು. ಮೂರೂ ಕೈಕೊಟ್ಟರೆ ಡೀಸೆಲ್. ಖರ್ಚು ಸುಮಾರು 16 ಲಕ್ಷ ಪೌಂಡ್, ಅದರ ಬಹುಪಾಲು ಅನುದಾನ. ಅನುದಾನ ಸಿಗದಿದ್ದರೆ ಇಂದಿಗೂ ಜನರೇಟರ್ ಸದ್ದೇ ಕೇಳುತ್ತಿತ್ತು, ಅದನ್ನು ಮುಚ್ಚಿಡಬೇಕಿಲ್ಲ.

ಯಂತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ನನ್ನನ್ನು ನಿಲ್ಲಿಸಿದ್ದು ಅವರ ಕಟ್ಟಳೆ. ಮನೆಯೊಂದಕ್ಕೆ ಒಂದು ಹೊತ್ತಿಗೆ 5 ಕಿಲೋವಾಟ್, ಅಂಗಡಿ ಮುಂಗಟ್ಟಿಗೆ 10. ದೊಡ್ಡ ಮನೆ, ಚಿಕ್ಕ ಮನೆ ಎಂಬ ಭೇದವಿಲ್ಲ. ಮೀರಿದರೆ ಆ ಮನೆಯದು ಮಾತ್ರ ಟ್ರಿಪ್. ಆಮೇಲೆ ನಿರ್ವಹಣೆಯವರನ್ನು ಕರೆಯಬೇಕು, ಶುಲ್ಕ ತೆರಬೇಕು. ಆ ನಿರ್ವಹಣೆಯವರೂ ತರಬೇತಿ ಪಡೆದ ಊರಿನವರೇ, ಅಂದರೆ ನಾಚಿಕೆ ಬೇರೆ!

ಓದುಗರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ದಿನಕ್ಕೆ ಎಷ್ಟು ಯೂನಿಟ್ ಸುಟ್ಟಿರಿ ಎಂಬುದು ಬಿಲ್ಲಿನ ಲೆಕ್ಕ. ಒಂದೇ ಹೊತ್ತಿಗೆ ಎಷ್ಟು ಎಳೆದಿರಿ ಎಂಬುದು ಟ್ರಾನ್ಸ್‌ಫಾರ್ಮರಿನ ಲೆಕ್ಕ. ನಮ್ಮಲ್ಲಿ ಬೆಳಗ್ಗೆ ಆರೂವರೆಗೆ ಇಡೀ ಬೀದಿ ಗೀಸರ್ ಹಾಕುತ್ತದೆ. ಅರ್ಜಿಯಲ್ಲಿ ಬರೆದದ್ದು ಒಂದು ಲೋಡ್, ಗೋಡೆಯ ಮೇಲೆ ಕೂತದ್ದು ಇನ್ನೊಂದು. ಫ್ಯೂಸ್ ಹೋಯಿತೆಂದರೆ ಬೈಗುಳ ನನಗೆ. ಎಗ್‌ನಲ್ಲಿ ಯಾವ ಮನೆಯೂ ಒಂದೇ ಹೊತ್ತಿಗೆ ಮಿತಿಮೀರಿ ಎಳೆಯದಂತೆ ಕಟ್ಟಿಹಾಕಿದ್ದರಿಂದಲೇ ಅಷ್ಟು ಚಿಕ್ಕ ವ್ಯವಸ್ಥೆ ಇಡೀ ಊರಿಗೆ ಸಾಲುತ್ತದೆ.

ನಾವು ಉಳಿದ ಮನೆಯ ಅಡುಗೆಕೋಣೆಯಲ್ಲಿ ಪುಟ್ಟ ಪರದೆ ಇತ್ತು. ಮನೆಯೊಡತಿ ಕೆಟಲ್ ಒತ್ತಿದರು, ಅಂಕಿ ಜಿಗಿಯಿತು. ಬಟ್ಟೆ ಒಗೆಯುವ ಯಂತ್ರಕ್ಕೆ ಚಾಚಿದ ಕೈಯನ್ನು ಹಿಂತೆಗೆದುಕೊಂಡರು. "ಚಹಾ ಆಗಲಿ, ಆಮೇಲೆ." ಬೇಜಾರಿನ ಮುಖವಲ್ಲ, ಹಾಲು ಉಕ್ಕುವ ಮುಂಚೆ ಉರಿ ತಗ್ಗಿಸುವ ಅಭ್ಯಾಸದಂತೆ ಇತ್ತು. ಬ್ಯಾಟರಿ ತುಂಬಿ ಕರೆಂಟು ಹೆಚ್ಚಾದರೆ ಸಮುದಾಯ ಭವನಕ್ಕೂ ಚರ್ಚಿಗೂ ಹೀಟರ್ ತಾನಾಗಿ ಹತ್ತುತ್ತದಂತೆ.

ಊರಿಗೆ ಮರಳಿ ನನ್ನ ಮನೆಯ ಲೆಕ್ಕ ಬರೆದೆ. ಗೀಸರ್ 2000, ಇಸ್ತ್ರಿಪೆಟ್ಟಿಗೆ 1000, ಒಂದು ಎಚ್‌ಪಿ ಪಂಪು 746, ಮಿಕ್ಸಿ 500. ಒಟ್ಟು 4246 ವಾಟ್. "ನೋಡು, ನಾವೂ ಎಗ್‌ನವರೇ" ಎಂದೆ. ಹೆಂಡತಿ ಒಳಗಿನಿಂದಲೇ ಕೂಗಿದಳು: "ಇಂಡಕ್ಷನ್ ಒಲೆ ಸೇರಿಸಿದ್ರಾ?"