ಹೆಸರಿಲ್ಲದ ‘ಏಷ್ಯನ್’: ಒಮಾನ್ ಸುದ್ದಿಗಳ ಸುತ್ತ ಕೆಲವು ತಪ್ಪು ಕಲ್ಪನೆಗಳು

ಮಸ್ಕತ್‌ನ ಪತ್ರಿಕೆಗಳನ್ನು ಕೆಲವು ದಿನ ಬಿಡದೆ ಓದಿದರೆ ಈ ಧಾಟಿಯ ಸುದ್ದಿ ಒಂದಾದರೂ ಸಿಗುತ್ತದೆ: ತಾಮ್ರದ ತಂತಿ ಕದ್ದ ಆರೋಪದ ಮೇಲೆ ಏಷ್ಯನ್ ರಾಷ್ಟ್ರೀಯತೆಯ ಇಬ್ಬರನ್ನು ರಾಯಲ್ ಒಮಾನ್ ಪೊಲೀಸರು ಬಂಧಿಸಿದ್ದಾರೆ. ಹೆಸರಿಲ್ಲ, ಊರಿಲ್ಲ, ದೇಶವೂ ಇಲ್ಲ. ಅದನ್ನು ಓದಿದ ಉಡುಪಿಯವರು, ಢಾಕಾದವರು, ಮನಿಲಾದವರು ಎಲ್ಲರೂ ‘ನಮ್ಮವರೇ ಇರಬಹುದೇ’ ಎಂದು ಅರೆಗಳಿಗೆ ಯೋಚಿಸುತ್ತಾರೆ. ಇಂಥ ಸುದ್ದಿಗಳ ಬಗ್ಗೆ ಅಲ್ಲಿ ದುಡಿಯುವವರಲ್ಲೂ ಊರಲ್ಲಿ ಕೂತು ಟಿವಿ ನೋಡುವವರಲ್ಲೂ ಬೇರೂರಿದ ನಂಬಿಕೆಗಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ‘ಏಷ್ಯನ್’ ಎನ್ನುವುದು ಬರೀ ಭೂಗೋಳದ ಮಾತು.

ಭೂಗೋಳದ ಮಾತೇ ಆಗಿದ್ದರೆ ಒಮಾನಿಗಳೂ ಏಷ್ಯನ್ನರೇ. ಅವರ ದೇಶ ಇರುವುದು ಏಷ್ಯಾ ಖಂಡದಲ್ಲೇ. ಸುದ್ದಿಯಲ್ಲಿ ಮಾತ್ರ ಆ ಪದ ದಕ್ಷಿಣ ಮತ್ತು ಆಗ್ನೇಯ ಏಷ್ಯಾದಿಂದ ದುಡಿಯಲು ಬಂದವರಿಗೆ ಮೀಸಲು. ಆರೋಪಿ ಸ್ಥಳೀಯನಾದರೆ ‘ನಾಗರಿಕ’, ಆಫ್ರಿಕಾದವನಾದರೆ ‘ಆಫ್ರಿಕನ್ ರಾಷ್ಟ್ರೀಯತೆಯವನು’. ಇದು ವರದಿಗಾರರು ಕೂತು ಹೊಸೆದ ಪದವಲ್ಲ. ಪೊಲೀಸ್ ಪ್ರಕಟಣೆಯಲ್ಲೇ ಹೀಗೆ ಬಂದಿರುತ್ತದೆ, ಪತ್ರಿಕೆ ಅದನ್ನು ಹಾಗೆಯೇ ಎತ್ತಿ ಹಾಕುತ್ತದೆ. ದೇಶದ ಹೆಸರು ಹೇಳಿ ಒಂದು ಇಡೀ ಸಮುದಾಯದ ಮಾನ ಕಳೆಯಬಾರದು ಎಂಬ ದಾಕ್ಷಿಣ್ಯ ಇದರ ಹಿಂದಿದೆ ಎನ್ನುವವರಿದ್ದಾರೆ. ಆ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಫಲ ನೋಡಿ: ಒಂದು ದೇಶದ ಮೇಲೆ ಬೀಳಬೇಕಾಗಿದ್ದ ಮಸಿ ಹತ್ತು ದೇಶಗಳವರ ಮೇಲೆ ಹರಡುತ್ತದೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತಿದೆ. ಇಂಥ ಸುದ್ದಿಗಳಲ್ಲಿ ಆರೋಪಿಯ ಹೆಸರು ಸಾಮಾನ್ಯವಾಗಿ ಬರುವುದಿಲ್ಲ, ಅವನು ಯಾರೇ ಆಗಿರಲಿ. ಎಫ್‌ಐಆರ್‌ನ ಶಾಯಿ ಆರುವ ಮೊದಲೇ ಮುಖ, ಮನೆ, ಜಾತಿ ಎಲ್ಲವನ್ನೂ ಪರದೆಗೆ ತರುವ ನಮ್ಮ ಚಾನೆಲ್‌ಗಳಿಗೆ ಈ ವಿಷಯದಲ್ಲಿ ಮಸ್ಕತ್‌ಗೆ ಪಾಠ ಹೇಳುವ ಅರ್ಹತೆ ಇಲ್ಲ.

ತಪ್ಪು ಕಲ್ಪನೆ: ಒಮಾನಿಗಳೆಲ್ಲ ಒಂದೇ ಅರಬ್ ಬುಡದವರು, ಅಲ್ಲಿ ಬಣ್ಣದ ಪ್ರಶ್ನೆ ಇರುವುದು ವಲಸಿಗರಿಗೆ ಮಾತ್ರ.

ಮಸ್ಕತ್‌ನ ಮತ್ರಾ ಪ್ರದೇಶದ ಸೂಕ್‌ನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಅರ್ಧ ಗಂಟೆ ಅಡ್ಡಾಡಿದರೆ ಈ ನಂಬಿಕೆ ಕರಗುತ್ತದೆ. ಬಲೂಚಿ ಮಾತಾಡುವ ಒಮಾನಿಗಳಿದ್ದಾರೆ; ಇಂದು ಪಾಕಿಸ್ತಾನದಲ್ಲಿರುವ ಗ್ವಾದರ್ 1958ರವರೆಗೆ ಒಮಾನ್ ಸುಲ್ತಾನರ ಕೈಯಲ್ಲೇ ಇತ್ತು. ಸಿಂಧ್ ಕಡೆಯ ಬೇರುಗಳಿರುವ ಲವಾತಿಯಾ ಸಮುದಾಯದ ಹಳೆಯ ಕೇರಿ ಮತ್ರಾದ ಕಡಲಂಚಿನಲ್ಲೇ ಇದೆ. ದಕ್ಷಿಣದ ಧೋಫಾರಿನಲ್ಲಿ ಅರಬ್ಬಿಗಿಂತ ಬೇರೆಯೇ ಆದ ಜಿಬ್ಬಾಲಿ, ಮೆಹ್ರಿ ಭಾಷೆಗಳಿವೆ. ಒಮಾನಿ ಮೂಲದ ಅರಸರಿದ್ದ ಜಾಂಜಿಬಾರಿನಲ್ಲಿ 1964ರ ಕ್ರಾಂತಿಯಾದ ಮೇಲೆ ಅಲ್ಲಿಂದ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ಸ್ವಾಹಿಲಿ ಇನ್ನೂ ಮನೆಮಾತು. ಗುಲಾಮರಾಗಿ ಇಲ್ಲಿಗೆ ತರಲಾದವರ ವಂಶದವರೂ ಇದೇ ನಾಡಿನ ನಾಗರಿಕರು. ಗುಲಾಮಗಿರಿ ಕಾನೂನಿನಂತೆ ನಿಂತದ್ದು 1970ರಲ್ಲಿ, ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ.

1996ರ ಮೂಲ ಶಾಸನವು ಹುಟ್ಟಿನ ಮೂಲ, ಬಣ್ಣ, ಭಾಷೆ, ಪಂಥಗಳ ಹೆಸರಲ್ಲಿ ನಾಗರಿಕರ ನಡುವೆ ಭೇದ ಮಾಡಬಾರದು ಎಂದು ಬರೆದಿಟ್ಟಿತು. ಹಾಗಿದ್ದರೂ ಪತ್ರಿಕೆಗಳು ಈ ಬೇರುಗಳ ಗೊಡವೆಗೆ ಹೋಗುವುದು ಕಡಿಮೆ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1984ರ ಮುದ್ರಣ ಮತ್ತು ಪ್ರಕಟಣಾ ಕಾನೂನು ನಲವತ್ತು ವರ್ಷ ಸಂಪಾದಕರ ತಲೆಯ ಮೇಲೆ ತೂಗುತ್ತಿತ್ತು. 2024ರಲ್ಲಷ್ಟೇ ಅದರ ಜಾಗಕ್ಕೆ ಹೊಸ ಮಾಧ್ಯಮ ಕಾನೂನು ಬಂತು. 2016ರಲ್ಲಿ ನ್ಯಾಯಾಂಗದ ಭ್ರಷ್ಟಾಚಾರದ ಬಗ್ಗೆ ಬರೆದ ‘ಅಲ್ ಜಮನ್’ ಪತ್ರಿಕೆಗೆ ಬೀಗ ಬಿತ್ತು, ಅದರ ಪತ್ರಕರ್ತರು ಜೈಲು ಕಂಡರು. ಪತ್ರಿಕೆಗಳು ಮುಟ್ಟದ ಗುಲಾಮಗಿರಿಯ ನೆನಪನ್ನು ಕಾದಂಬರಿ ಮುಟ್ಟಿತು. ಜೋಖಾ ಅಲ್‌ಹಾರ್ತಿ ಅವರ ಆ ಕೃತಿಯ ಇಂಗ್ಲಿಷ್ ಅನುವಾದಕ್ಕೆ 2019ರಲ್ಲಿ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು.

ತಪ್ಪು ಕಲ್ಪನೆ: ಕೊರೊನಾವನ್ನು ಒಮಾನ್‌ಗೆ ತಂದು ಹರಡಿದವರು ವಲಸೆ ಕಾರ್ಮಿಕರು.

ಒಮಾನ್‌ನ ಮೊದಲ ಎರಡು ಪ್ರಕರಣ ದಾಖಲಾದದ್ದು 2020ರ ಫೆಬ್ರುವರಿ 24ರಂದು. ಇಬ್ಬರೂ ಇರಾನ್‌ನಿಂದ ಮರಳಿದ್ದ ಒಮಾನಿ ಮಹಿಳೆಯರು. ಮೊದಲ ಸಾವು ಮಾರ್ಚ್ 31ರಂದು. ತೀರಿಕೊಂಡವರು 72 ವರ್ಷದ ಒಮಾನಿ. ಏಪ್ರಿಲ್‌ನಲ್ಲಿ ಮಾತ್ರ ಸುದ್ದಿಯೆಲ್ಲ ಮತ್ರಾ ಕಡೆ ತಿರುಗಿತು. ಅಂಗಡಿಗಳ ಮೇಲಿನ ಕೋಣೆಗಳಲ್ಲಿ ಮಂಚದ ಮೇಲೆ ಮಂಚ ಜೋಡಿಸಿಕೊಂಡು ಮಲಗುವ ಜನ ಅಲ್ಲಿದ್ದಾರೆ. ಅಂತರ ಕಾಯಿರಿ ಎಂದರೆ ಅವರು ಎಲ್ಲಿಗೆ ಸರಿಯಬೇಕು? ಸೋಂಕು ಹರಡಿತು, ಮತ್ರಾಕ್ಕೆ ದಿಗ್ಬಂಧನ ಬಿತ್ತು.

ಆರೋಗ್ಯ ಸಚಿವಾಲಯದ ದಿನದ ಪ್ರಕಟಣೆ ಸೋಂಕಿತರನ್ನು ‘ಒಮಾನಿಗಳು’, ‘ಒಮಾನೇತರರು’ ಎಂದು ಎರಡು ಪಾಲು ಮಾಡಿ ಕೊಡುತ್ತಿತ್ತು. ಪತ್ರಿಕೆಗಳು ಅದನ್ನೇ ತಲೆಬರಹಕ್ಕೆ ಏರಿಸುತ್ತಿದ್ದವು. ಆರಂಭದ ವಾರಗಳಲ್ಲಿ ಒಮಾನೇತರರ ಅಂಕಿ ದೊಡ್ಡದಿತ್ತು. ಕೋಣೆಯ ಇಕ್ಕಟ್ಟು ಲೆಕ್ಕಕ್ಕೆ ಬರಲಿಲ್ಲ, ಪಾಸ್‌ಪೋರ್ಟ್ ಬಂತು. ಜುಲೈ ಹೊತ್ತಿಗೆ ತಕ್ಕಡಿ ಮಗುಚಿ, ಹೊಸ ಸೋಂಕಿತರಲ್ಲಿ ಬಹುಪಾಲು ಒಮಾನಿಗಳೇ ಆದರು. ಮನೆಗಳಲ್ಲಿ ಬಂಧುಬಳಗ ಕಲೆಯುತ್ತಿರುವುದು ಇದಕ್ಕೆ ಕಾರಣ ಎಂದು ಅಧಿಕಾರಿಗಳು ಎಚ್ಚರಿಸಿದರು. ರೋಗ ಹರಡಿದ್ದು ಜನ ಒತ್ತಾಗಿ ಸೇರಿದಲ್ಲೆಲ್ಲ. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

ವೀಸಾ ಮುಗಿದವರಿಗೂ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ ಎಂದು ಸರಕಾರ ಸಾರಿತ್ತು. ಎರಡು ಪಾಲಿನ ಲೆಕ್ಕ ಜನರ ಬಾಯಲ್ಲಿ ಉಳಿದಷ್ಟು ಈ ಸುದ್ದಿ ಉಳಿಯಲಿಲ್ಲ.

ತಪ್ಪು ಕಲ್ಪನೆ: ಹತ್ತು ಲಕ್ಷ ಭಾರತೀಯರನ್ನು ಹೊರಹಾಕುವುದಾಗಿ ಒಮಾನ್ ರಾಜಕುಮಾರಿ ಬೆದರಿಸಿದ್ದರು.

2020ರ ಏಪ್ರಿಲ್‌ನಲ್ಲಿ ಇಂಥದ್ದೊಂದು ಟ್ವೀಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಡುಕಿಚ್ಚಿನಂತೆ ಓಡಿತು. ಭಾರತದಲ್ಲಿ ಮುಸ್ಲಿಮರ ಮೇಲಿನ ದ್ವೇಷ ನಿಲ್ಲದಿದ್ದರೆ ನಿಮ್ಮವರನ್ನು ಕಳಿಸಿಬಿಡುತ್ತೇವೆ ಎಂಬುದು ಅದರ ಸಾರ. ಖಾತೆ ನಕಲಿ. ಯಾರ ಹೆಸರು ಬಳಸಲಾಗಿತ್ತೋ ಆ ಮೋನಾ ಬಿಂತ್ ಫಹದ್ ಅಲ್ ಸೈದ್, ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದಲ್ಲಿ ಹೊಣೆ ಹೊತ್ತಿದ್ದವರು, ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಿದರು. ನಕಲಿ ಸುದ್ದಿ ನಂಬಬೇಡಿ ಎಂದು ಭಾರತದ ರಾಯಭಾರಿ ಮುನು ಮಹಾವರ್ ಕೇಳಿಕೊಂಡರು. ಲೆಕ್ಕ ಹಾಕಿದ್ದರೂ ಅನುಮಾನ ಬರಬೇಕಿತ್ತು. ಆಗ ಒಮಾನ್‌ನಲ್ಲಿದ್ದ ಭಾರತೀಯರು ಎಂಟು ಲಕ್ಷವೂ ಇರಲಿಲ್ಲ.

ಟ್ವೀಟ್ ಸುಳ್ಳೆಂದು ತಿಳಿದ ಕೂಡಲೇ ‘ಇದೆಲ್ಲ ಹೊರಗಿನವರ ಸಂಚು’ ಎಂದು ನಿಟ್ಟುಸಿರು ಬಿಟ್ಟವರು ಬಹಳ. ಅದೂ ಇನ್ನೊಂದು ತಪ್ಪು ಕಲ್ಪನೆ. ಕೊರೊನಾ ಹರಡಿದ ಆರೋಪ ಹೊತ್ತ ತಬ್ಲೀಗಿ ಜಮಾತ್‌ನ ದೆಹಲಿ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲೆ ಮಾಧ್ಯಮಗಳಲ್ಲಿ ಭಾರಿ ಅಪಪ್ರಚಾರ ನಡೆಯಿತು, ಅವರನ್ನು ಬಲಿಪಶು ಮಾಡಲಾಯಿತು ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ಹೇಳಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳದ್ದೇ ಆದ ಮಾನದಂಡ ಪ್ರಾಧಿಕಾರ ಜಮಾತ್ ಕುರಿತ ಪ್ರಸಾರಗಳಿಗಾಗಿ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಹಾಕಿತು: ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ, ಸುವರ್ಣ ನ್ಯೂಸ್‌ಗೆ ಐವತ್ತು ಸಾವಿರ ರೂಪಾಯಿ. ದೂರು ಕೊಟ್ಟವರು ಬೆಂಗಳೂರಿನ ಒಂದು ನಾಗರಿಕ ಗುಂಪು. ಮಸ್ಕತ್‌ನಲ್ಲಿದ್ದ ಕನ್ನಡಿಗರು ಆ ದಿನಗಳಲ್ಲಿ ಅಳುಕಿದ್ದಕ್ಕೆ ನಕಲಿ ರಾಜಕುಮಾರಿ ಒಂದು ಕಾರಣವಾದರೆ, ಊರಿನ ಈ ಅಸಲಿ ಪ್ರಸಾರಗಳು ಇನ್ನೊಂದು.

ತಪ್ಪು ಕಲ್ಪನೆ: ಗಲ್ಫ್‌ನಲ್ಲಿ ತಪ್ಪು ಯಾರದೇ ಇರಲಿ, ಹೊರಗಿನವರ ತಲೆಗೇ ಕಟ್ಟುತ್ತಾರೆ.

ಯಾವಾಗಲೂ ಹಾಗಿಲ್ಲ. 2024ರ ಜುಲೈ 15ರ ರಾತ್ರಿ ಮಸ್ಕತ್‌ನ ವಾದಿ ಅಲ್ ಕಬೀರ್‌ನ ಮಸೀದಿಯ ಬಳಿ ಗುಂಡಿನ ದಾಳಿಯಾಯಿತು. ನಾಲ್ವರು ಪಾಕಿಸ್ತಾನಿಗಳು, ಒಬ್ಬ ಭಾರತೀಯ, ಒಬ್ಬ ಪೊಲೀಸ್ ಸಿಬ್ಬಂದಿ ಸತ್ತರು. ದಾಳಿಕೋರರು ಮೂವರೂ ಒಮಾನಿ ಸಹೋದರರು ಎಂದು ಪೊಲೀಸರು ಮುಚ್ಚುಮರೆಯಿಲ್ಲದೆ ಹೇಳಿದರು.

ತಪ್ಪು ಕಲ್ಪನೆ: ನಮ್ಮವರ ಕಷ್ಟವನ್ನು ನಮ್ಮ ಮಾಧ್ಯಮವಾದರೂ ಸರಿಯಾಗಿ ಹೇಳುತ್ತದೆ.

2025ರ ಫೆಬ್ರುವರಿಯಲ್ಲಿ ಒಮಾನ್‌ನ ಮೀನುಗಾರಿಕೆ ದೋಣಿಯೊಂದು ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಕಾಣಿಸಿತು. ಕರಾವಳಿ ಕಾವಲು ಪೊಲೀಸರಿಗೆ ಅದರಲ್ಲಿ ಸಿಕ್ಕವರು ತಮಿಳುನಾಡಿನ ಮೂವರು ಮೀನುಗಾರರು. ಸಂಬಳ ಸಿಗಲಿಲ್ಲ, ಹಿಂಸೆ ತಾಳಲಾಗಲಿಲ್ಲ, ಅದಕ್ಕೇ ಮಾಲೀಕನ ದೋಣಿಯಲ್ಲೇ ಹೊರಟುಬಂದೆವು ಎಂದರು. ದಾಖಲೆಗಳಿಲ್ಲದೆ ಒಳಬಂದದ್ದಕ್ಕೆ ಅವರ ಮೇಲೆಯೇ ಪ್ರಕರಣ ದಾಖಲಾಯಿತು.

ಇಂಥ ಸುದ್ದಿಗೆ ನಮ್ಮಲ್ಲಿ ಎರಡೇ ಅಚ್ಚುಗಳಿವೆ: ಕಡಲ ಭದ್ರತೆಯ ಲೋಪ, ಇಲ್ಲವೇ ಕಟುಕ ಅರಬ್ ಮಾಲೀಕ. ವೀಸಾಕ್ಕೆಂದು ಹಣ ಕಿತ್ತ ಊರಿನ ಏಜೆಂಟ್ ಎರಡರಲ್ಲೂ ಕಾಣುವುದಿಲ್ಲ. ಒಮಾನ್‌ನಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕೆಂಬ ನಿಯಮ 2021ರ ಜನವರಿಯಲ್ಲಿ ಹೋಗಿದೆ, 2023ರಲ್ಲಿ ಹೊಸ ಕಾರ್ಮಿಕ ಕಾನೂನು ಬಂದಿದೆ. ಗಲ್ಫ್‌ಗೆ ಹೊರಟವರಿಗೆ ಅತ್ಯಗತ್ಯವಾದ ಈ ಮಾಹಿತಿ ಕನ್ನಡದ ಸುದ್ದಿಯಲ್ಲಿ ಸಿಗುವುದು ಅಪರೂಪ. ಆ ಕಾನೂನಿನ ವ್ಯಾಪ್ತಿಗೆ ಮನೆಗೆಲಸದವರು ಬರುವುದಿಲ್ಲ ಎಂಬುದಂತೂ, ಅಲ್ಲಿಂದ ಕಣ್ಣೀರಿಡುವ ಮಹಿಳೆಯರ ವಿಡಿಯೊವನ್ನು ದಿನವಿಡೀ ತೋರಿಸುವ ಚಾನೆಲ್‌ಗಳಲ್ಲೂ ಕೇಳಿಬರುವುದಿಲ್ಲ.